ಕೀಲೆಣ್ಣೆಯ ಕಥೆ: ಎತ್ತಿನ ಗಾಡಿಯಿಂದ ಜೀಪಿನವರೆಗೆ



ಕೊಡಗಿನ ನಾಪೋಕ್ಲು ದಾಟಿ ತಡಿಯಂಡಮೋಳ್ ಬೆಟ್ಟದ ಕಡೆಗೆ ಹೊರಟರೆ ಕಕ್ಕಬೆ ಸಿಗುತ್ತದೆ. ಜೇನು, ಏಲಕ್ಕಿ, ಕಾಫಿಗೆ ಹೆಸರಾದ ಊರು. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದರ ಸಮೀಪದಲ್ಲೇ ಇದೆ. ಕಾಡು, ಬೆಟ್ಟಗಳ ಮರೆ ಅರಸನಿಗೆ ರಕ್ಷಣೆಯಾಗಿತ್ತು. ಆದರೆ ಅದೇ ಕಾಡು, ಬೆಟ್ಟ ಗಾಡಿ ಹೊಡೆಯುವವನಿಗೆ ಕಷ್ಟ. ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಇಲ್ಲಿ ಏನೇ ಸಾಗಬೇಕಾದರೂ ಚಕ್ರ ರಸ್ತೆಯ ಮೇಲೆಯೇ ಉರುಳಬೇಕು. ಚಕ್ರ ಉರುಳಬೇಕಾದರೆ ಎಣ್ಣೆ ಬೇಕು.

ಕೀಲೆಣ್ಣೆ ಎಂಬ ಮಾತನ್ನು ನೀವು ಕೇಳಿದ್ದೀರಿ. ಎತ್ತಿನ ಗಾಡಿಯ ಕೀಲಿಗೆ ನಮ್ಮ ಹಿರಿಯರು ಹರಳೆಣ್ಣೆ ಹಾಕುತ್ತಿದ್ದರು. ಮೋಟಾರು ಯುಗ ಬಂದಾಗಲೂ ಹರಳೆಣ್ಣೆ ಹಿಂದೆ ಬೀಳಲಿಲ್ಲ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳು ಹರಳೆಣ್ಣೆಯಲ್ಲೇ ತಿರುಗಿದವು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು 1909ರಲ್ಲಿ ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ. ಆದರೆ ಈ ಎಣ್ಣೆ ಹೆಚ್ಚು ಕಾಯ್ದಾಗ ಅಂಟಾಗುತ್ತದೆ. ಹೀಗಾಗಿ ಕಾರುಗಳಲ್ಲಿ ಅದರ ಜಾಗವನ್ನು ಭೂಗರ್ಭದಿಂದ ತೆಗೆದ ಖನಿಜ ಎಣ್ಣೆ ಆಕ್ರಮಿಸಿತು.

ಇಲ್ಲೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಗಾಡಿಯ ಕೀಲಿಗೆ ಹಾಕಿದ ಎಣ್ಣೆ ತೊಟ್ಟಿಕ್ಕಿ ಮಣ್ಣು ಸೇರುತ್ತಿತ್ತು. ಅದು ಗಿಡದಿಂದ ಬಂದ ಎಣ್ಣೆ, ಪ್ರಮಾಣವೂ ಅಲ್ಪ. ಮೊದಮೊದಲ ಎಷ್ಟೋ ಮೋಟಾರುಗಳಲ್ಲೂ ಎಣ್ಣೆ ಒಂದು ಸಲ ಹರಿದು, ಉರಿದೋ ಸೋರಿಯೋ ಹೋಗುತ್ತಿತ್ತು. ಅಂದರೆ ಎಣ್ಣೆಯನ್ನು "ಬದಲಿಸುವ" ಪ್ರಶ್ನೆಯೇ ಇರಲಿಲ್ಲ; ಆಗಾಗ ಸೇರಿಸುತ್ತಿದ್ದರು, ಅಷ್ಟೆ. ಎಂಜಿನ್ನಿನ ತಳದಲ್ಲಿ ತೊಟ್ಟಿಯಿಟ್ಟು ಅದೇ ಎಣ್ಣೆಯನ್ನು ಮತ್ತೆ ಮತ್ತೆ ಹರಿಸತೊಡಗಿದಾಗ ಪರಿಸ್ಥಿತಿ ಬದಲಾಯಿತು. ಎಣ್ಣೆ ಉಳಿಯಿತು, ಕೊಳೆಯೂ ಉಳಿಯಿತು. ಆ ಕೊಳೆಯನ್ನು ಸೋಸಲು ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ಕಾರಿನ ಎಣ್ಣೆಗೆ ಫಿಲ್ಟರ್ ರೂಪಿಸಿದರು. 1930ರ ದಶಕದಿಂದೀಚೆಗೆ ಮಸಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳನ್ನು ಎಣ್ಣೆಗೆ ಬೆರೆಸತೊಡಗಿದರು. ಆದ್ದರಿಂದ ಎಣ್ಣೆ ಕಪ್ಪಾಯಿತೆಂದರೆ ಅದು ಕೆಟ್ಟಿತೆಂದೇ ಅರ್ಥವಲ್ಲ. ಎಂಜಿನ್ನಿನ ಮಸಿಯನ್ನು ತಾನು ಹೊತ್ತುಕೊಂಡಿದೆ ಎಂದು ಅರ್ಥ. ಹೊರುವ ಶಕ್ತಿ ತೀರುವ ಮೊದಲು ಅದನ್ನು ಬದಲಿಸಬೇಕು.

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಅಮೆರಿಕದಲ್ಲಿ ಭಾರಿ ಸಂಖ್ಯೆಯಲ್ಲಿ ತಯಾರಾದ ಜೀಪು, 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯ ಮೂಲಕ ಮುಂಬಯಿಯಲ್ಲಿ ಜೋಡಣೆಗೊಳ್ಳತೊಡಗಿತು. ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಈ ವಾಹನ ಬೆಟ್ಟದ ತೋಟಗಳಿಗೆ ಹೇಳಿಮಾಡಿಸಿದಂತಿತ್ತು. ನೆಲದಿಂದ ಎತ್ತರವಾಗಿ ನಿಲ್ಲುವ ಜೀಪಿನ ಎಣ್ಣೆಯನ್ನು ಮನೆಯಂಗಳದಲ್ಲೇ ಬದಲಿಸಬಹುದು.

ಕಾರಿಗಾದರೂ ಕ್ರಮ ಅದೇ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಲ್ಲು ಕೊಡಬೇಕು. ಬರೀ ಜಾಕ್ ನಂಬಿ ವಾಹನದ ಅಡಿಗೆ ಎಂದೂ ನುಸುಳಬಾರದು. ಕೆಳಗೆ ಅಗಲವಾದ ಪಾತ್ರೆಯಿಟ್ಟು ತಳದ ಬೋಲ್ಟ್ ಬಿಚ್ಚಿ, ಎಣ್ಣೆ ಪೂರ್ತಿ ಇಳಿಯಲು ಬಿಡಬೇಕು. ಫಿಲ್ಟರ್ ಬದಲಿಸಿ, ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿದು, ವಾಹನದ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದಷ್ಟೇ ತುಂಬಬೇಕು. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೆಲವು ನಿಮಿಷದ ನಂತರ ಅಳತೆಯ ಕಡ್ಡಿ ನೋಡಬೇಕು. ಕೈಗೆ ಗವಸು ಇರಲಿ. ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ.

ಕೆಲಸ ಮುಗಿಯಿತೇ? ಪಾತ್ರೆಯಲ್ಲಿ ಮೂರು ನಾಲ್ಕು ಲೀಟರು ಕಪ್ಪೆಣ್ಣೆ ಇದೆಯಲ್ಲ! ಗೆದ್ದಲು ಹತ್ತದಿರಲೆಂದು ಬೇಲಿಕಂಬಕ್ಕೆ ಬಳಿಯುವುದು, ಉಳಿದುದನ್ನು ಚರಂಡಿಗೆ ಸುರಿಯುವುದು ಹಳೆಯ ರೂಢಿ. ಹರಳೆಣ್ಣೆಯ ಕಾಲದ ಅಭ್ಯಾಸ ಖನಿಜ ಎಣ್ಣೆಯ ಕಾಲಕ್ಕೂ ಮುಂದುವರಿಯಿತು. ಆದರೆ ಈ ಎಣ್ಣೆಯಲ್ಲಿ ಲೋಹದ ಕಣಗಳೂ ವಿಷ ವಸ್ತುಗಳೂ ಇವೆ. ಒಂದು ಸಲ ಬದಲಿಸಿದ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ.

ಕಕ್ಕಬೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಕೊಡವರು ಮಳೆ ಬೆಳೆಗಳ ದೈವವೆಂದು ನಂಬುವ ಪಾಡಿ ಇಗ್ಗುತ್ತಪ್ಪನ ನೆಲೆ ಇದು. ಇಲ್ಲಿ ಬಿದ್ದ ಮಳೆ ಕಕ್ಕಬೆ ಹೊಳೆಯಾಗಿ ಕಾವೇರಿಯನ್ನು ಸೇರುತ್ತದೆ. 1974ರಿಂದ ಬೆಂಗಳೂರು ಕುಡಿಯುತ್ತಿರುವುದೂ ಕಾವೇರಿಯ ನೀರನ್ನೇ. ಕಕ್ಕಬೆಯ ಅಂಗಳಕ್ಕೂ ಬೆಂಗಳೂರಿನ ನಲ್ಲಿಗೂ ನಡುವೆ ಇರುವುದು ಒಂದೇ ನದಿ.

ದಾರಿ ಇಲ್ಲದೆ ಇಲ್ಲ. ಹಳೆಯ ಎಣ್ಣೆ ಕೊಳಕಾಗಿರುತ್ತದೆಯೇ ಹೊರತು ಅದರ ಮೂಲಸತ್ತ್ವ ಸವೆದಿರುವುದಿಲ್ಲ. ಶುದ್ಧಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ನಮ್ಮ ದೇಶದ 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. 2024ರ ಏಪ್ರಿಲ್‌ನಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ನಾವು ಮಾಡಬೇಕಾದ್ದು ಸರಳ. ನೀರಾಗಲಿ ಪೆಟ್ರೋಲಾಗಲಿ ಬೆರೆಸದೆ ಮುಚ್ಚಳವಿರುವ ಡಬ್ಬಿಯಲ್ಲಿ ಅದನ್ನು ತುಂಬಿಟ್ಟು, ಮರುಶುದ್ಧೀಕರಣಕ್ಕೆ ಕಳುಹಿಸುವ ವರ್ಕ್‌ಶಾಪಿಗೆ ಒಪ್ಪಿಸುವುದು.

ಎಣ್ಣೆ ಉಳಿಸಿಕೊಳ್ಳುವುದನ್ನು ಎಂಜಿನ್ನು ಕಲಿತು ಬಹಳ ಕಾಲವಾಯಿತು. ಅದರ ಕೊಳೆಯನ್ನು ಹೊಳೆಗೆ ಬಿಡದಿರುವುದನ್ನು ಇನ್ನು ನಾವು ಕಲಿಯಬೇಕಾಗಿದೆ.