ಸೋಲಿನ ವರ್ಷಗಳ ಸಸಿಮಡಿ



ಎಲ್ಲೋ ಕಳೆದುಹೋಯಿತೆಂದುಕೊಂಡಿದ್ದ ಹಳೆಯ ಚಿತ್ರಸುರುಳಿ ಸಿಕ್ಕಿತೆಂದರೆ ಟಿ.ವಿ.ಯಲ್ಲಿ ದುಡಿಯುವ ನಮ್ಮಂಥವರಿಗೆ ಹಬ್ಬವೇ ಸರಿ. 2009ರ ಡಿಸೆಂಬರಿನಲ್ಲಿ ಅಂಥದೊಂದು ಹಬ್ಬ ಅಮೆರಿಕದಲ್ಲಿ ನಡೆಯಿತು. ಹೆಸರಾಂತ ಗಾಯಕ, ನಟ ಬಿಂಗ್ ಕ್ರಾಸ್ಬಿ ಅವರ ಮನೆಯ ನೆಲಮಾಳಿಗೆಯಲ್ಲಿ ಐದು ಸುರುಳಿಗಳು ಸಿಕ್ಕವು. ಅವುಗಳಲ್ಲಿದ್ದುದು 1960ರ ಅಕ್ಟೋಬರ್ 13ರಂದು ಪಿಟ್ಸ್‌ಬರ್ಗ್ ನಗರದಲ್ಲಿ ನಡೆದ ಒಂದು ಬೇಸ್‌ಬಾಲ್ ಪಂದ್ಯ. ಉಳಿದಿದೆ ಎಂದು ಗೊತ್ತಿರುವ ಪೂರ್ಣ ಪ್ರತಿ ಅದೊಂದೇ. ಕ್ರಾಸ್ಬಿ ಅವರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಾಲುದಾರರಲ್ಲೊಬ್ಬರು. ತಾವು ನೋಡಿದರೆ ಎಲ್ಲಿ ತಂಡಕ್ಕೆ ಅಪಶಕುನವಾದೀತೋ ಎಂಬ ಅಳುಕಿನಿಂದ ಅವರು ಆ ದಿನ ಪ್ಯಾರಿಸ್ಸಿನಲ್ಲಿದ್ದರು. ಟಿ.ವಿ. ಪರದೆಯ ಮೇಲೆ ಮೂಡಿದ ಪಂದ್ಯವನ್ನೇ ಚಿತ್ರೀಕರಿಸಿಡಲು ಏರ್ಪಾಡು ಮಾಡಿದ್ದರು.

ಕೊನೆಯ ಇನಿಂಗ್ಸಿನಲ್ಲಿ ಎರಡೂ ತಂಡಗಳ ರನ್ 9-9. ಆಗ ಬಿಲ್ ಮಜೆರೊಸ್ಕಿ ಎಂಬ 24ರ ತರುಣ ಚೆಂಡನ್ನು ಗೋಡೆಯಾಚೆಗೆ ಬಾರಿಸುತ್ತಾನೆ. ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ಪೈರೇಟ್ಸ್ ವರ್ಲ್ಡ್ ಸೀರೀಸ್ ಗೆಲ್ಲುತ್ತದೆ. ಏಳು ಪಂದ್ಯಗಳ ಆ ಸರಣಿಯಲ್ಲಿ ಯಾಂಕೀಸ್ ಗಳಿಸಿದ್ದು ಒಟ್ಟು 55 ರನ್, ಪೈರೇಟ್ಸ್ ಕೇವಲ 27. ಆದರೂ ನಾಲ್ಕು ಪಂದ್ಯ ಗೆದ್ದವರು ಪೈರೇಟ್ಸ್!

ಈ ಗೆಲುವಿನ ಬೇರು ಎಲ್ಲಿದೆ ಎಂದು ತಿಳಿಯಲು ನಾವು ಎಂಟು ವರ್ಷ ಹಿಂದಕ್ಕೆ ಹೋಗಬೇಕು. ಪಿಟ್ಸ್‌ಬರ್ಗ್ ಉಕ್ಕಿನ ಊರು. ಅಲೆಘೆನಿ, ಮೊನಾಂಗಹೀಲಾ ನದಿಗಳು ಕೂಡಿ ಓಹಿಯೊ ಆಗುವುದು ಅಲ್ಲಿಯೇ. 1952ರಲ್ಲಿ ಆ ಊರಿನ ತಂಡ 154 ಪಂದ್ಯಗಳನ್ನಾಡಿ 112ರಲ್ಲಿ ಸೋತಿತು. ಎಂಟು ತಂಡಗಳ ಲೀಗ್‌ನಲ್ಲಿ ಎಂಟನೆಯ ಸ್ಥಾನ. 1955ರವರೆಗೂ ಅದೇ ಕೊನೆಯ ಮೆಟ್ಟಿಲು. ಆಗ ತಂಡದ ಆಡಳಿತ ಹೊತ್ತಿದ್ದವರು ಬ್ರಾಂಚ್ ರಿಕಿ.

ಈ ರಿಕಿ ಯಾರು? ಸುಮಾರು 1920ರ ಹೊತ್ತಿಗೆ ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬ ತಂಡ ನಡೆಸುತ್ತಿದ್ದರು. ತಂಡದಲ್ಲಿ ಹಣವಿರಲಿಲ್ಲ. ಒಳ್ಳೆಯ ಆಟಗಾರನೊಬ್ಬ ಚಿಕ್ಕ ಊರಿನ ತಂಡದಲ್ಲಿ ಕಾಣಿಸಿಕೊಂಡರೆ ಹಣವಂತ ತಂಡಗಳು ಅವನನ್ನು ಕೊಂಡುಬಿಡುತ್ತಿದ್ದವು. ರಿಕಿ ಬೇರೆ ದಾರಿ ಹುಡುಕಿದರು: ಆಟಗಾರರನ್ನು ಕೊಳ್ಳುವ ಬದಲು ಬೆಳೆಸುವುದು. ಚಿಕ್ಕ ಊರುಗಳ ತಂಡಗಳನ್ನೇ ಒಂದೊಂದಾಗಿ ತಮ್ಮ ಹಿಡಿತಕ್ಕೆ ತಂದುಕೊಂಡರು. ಇವೇ ಮೈನರ್ ಲೀಗ್ ತಂಡಗಳು. ಕೆಳಗಿನ ಹಂತದಲ್ಲಿ ಹುಡುಗರನ್ನು ಸೇರಿಸಿ, ಚೆನ್ನಾಗಿ ಆಡಿದವರನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸಿ, ಕೊನೆಗೆ ಮೇಜರ್ ಲೀಗ್‌ಗೆ ತರುವ ಕ್ರಮವಿದು. ಅಮೆರಿಕದವರು ಇದಕ್ಕೆ ‘ಫಾರ್ಮ್’ ಎಂದರು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಇದು ಸಸಿಮಡಿ.

ವಿಜ್ಞಾನ ಓದಿದ ನನಗೆ ಇದರಲ್ಲಿ ಕಾಣುವುದು ಸಂಭವನೀಯತೆಯ ಲೆಕ್ಕ. ಹದಿನೆಂಟರ ಹುಡುಗರಲ್ಲಿ ಯಾರು ಮುಂದೆ ಬರುತ್ತಾರೆಂದು ಯಾರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಹತ್ತು ಬೀಜ ಬಿತ್ತುವ ಬದಲು ನೂರು ಬಿತ್ತು. ಕೆಲವಾದರೂ ತೆನೆ ಕಟ್ಟುತ್ತವೆ. 1926ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. 1940ರ ಹೊತ್ತಿಗೆ ಅದರ ಕೈಕೆಳಗೆ 30ಕ್ಕೂ ಹೆಚ್ಚು ತಂಡಗಳು, 600ಕ್ಕೂ ಹೆಚ್ಚು ಆಟಗಾರರು ಇದ್ದರು. ಮುಂದೆ ರಿಕಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಹೋದರು. ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲದ ಆ ಕಾಲದಲ್ಲಿ ಜಾಕಿ ರಾಬಿನ್ಸನ್ ಅವರನ್ನು ಸೇರಿಸಿಕೊಂಡರು. ರಾಬಿನ್ಸನ್ ಕೂಡ 1946ರಲ್ಲಿ ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಆಡಿಯೇ 1947ರಲ್ಲಿ ಮೇಲಕ್ಕೆ ಬಂದರು.

1950ರ ಕೊನೆಯಲ್ಲಿ ಪಿಟ್ಸ್‌ಬರ್ಗ್‌ಗೆ ಬಂದ ರಿಕಿ ಮತ್ತೆ ಬಿತ್ತನೆಗಿಳಿದರು. ಗಣಿ ಕಾರ್ಮಿಕನ ಮಗ ಮಜೆರೊಸ್ಕಿ 1954ರಲ್ಲಿ ಸಹಿ ಹಾಕಿದಾಗ ಅವನಿಗೆ 17 ವರ್ಷ. ಅದೇ ವರ್ಷ ಪೈರೇಟ್ಸ್‌ನ ಪರಿವೀಕ್ಷಕ ಕ್ಲೈಡ್ ಸುಕೆಫೋರ್ತ್ ಬೇರೊಬ್ಬ ಆಟಗಾರನನ್ನು ನೋಡಲೆಂದು ಹೋದವರು, ಅಭ್ಯಾಸದ ವೇಳೆ ಚೆಂಡೆಸೆಯುತ್ತಿದ್ದ ಪೋರ್ಟೊರಿಕೊದ ಹುಡುಗನೊಬ್ಬನನ್ನು ಕಂಡು ಬೆರಗಾದರು. ಅವನೇ ರಾಬರ್ಟೊ ಕ್ಲೆಮೆಂಟೆ. ಅವನಿದ್ದುದು ರಿಕಿ ಹಿಂದೆ ನಡೆಸಿದ್ದ ಬ್ರೂಕ್ಲಿನ್‌ನ ಸಸಿಮಡಿಯಲ್ಲೇ. 4,000 ಡಾಲರಿಗಿಂತ ಹೆಚ್ಚು ಬೋನಸ್ ಕೊಟ್ಟ ಆಟಗಾರನನ್ನು ಮೈನರ್ ಲೀಗ್‌ನಲ್ಲಿ ಇಟ್ಟರೆ, ಆ ವರ್ಷದ ಕೊನೆಗೆ ಬೇರೆ ತಂಡ ಅವನನ್ನು ಆರಿಸಿಕೊಳ್ಳಬಹುದೆಂಬ ನಿಯಮವಿತ್ತು. ಮೊದಲ ಆಯ್ಕೆಯ ಹಕ್ಕು ಕೊನೆಯ ಸ್ಥಾನದಲ್ಲಿದ್ದ ಪೈರೇಟ್ಸ್‌ಗೆ! ಸೋತದ್ದಕ್ಕೇ ಸಿಕ್ಕ ಆಟಗಾರ ಕ್ಲೆಮೆಂಟೆ. ಮುಂದೆ 3,000 ಹಿಟ್‌ಗಳನ್ನು ಮುಟ್ಟಿದ ಮಹಾನ್ ಆಟಗಾರ.

1955ರಲ್ಲಿ ರಿಕಿ ಹುದ್ದೆಯಿಂದಿಳಿದಾಗ ತಂಡ ಇನ್ನೂ ಕೊನೆಯಲ್ಲಿಯೇ ಇತ್ತು. 1960ರಲ್ಲಿ ಕೊಯ್ಲಾದಾಗ ಬಿತ್ತಿದವರು ಅಧಿಕಾರದಲ್ಲಿರಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ನೂರು ಬೀಜಗಳಲ್ಲಿ ತೆನೆ ಕಟ್ಟದವುಗಳ ಗತಿಯೇನು? ಬೀಜಕ್ಕೆ ಹಸಿವಿಲ್ಲ, ಮನುಷ್ಯನಿಗಿದೆ. ಅಂದಿನ ಕರಾರಿನ ಪ್ರಕಾರ ಆಟಗಾರ ತಂಡಕ್ಕೆ ಕಟ್ಟುಬಿದ್ದವನು. ತಾನಾಗಿ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸದೆಂದು ಅಮೆರಿಕದ ಸುಪ್ರೀಂ ಕೋರ್ಟು 1922ರಲ್ಲೇ ತೀರ್ಪಿತ್ತಿತ್ತು. ಕಾರ್ಡಿನಲ್ಸ್ ತಂಡ ನಿಯಮ ಮೀರಿ ಹುಡುಗರನ್ನು ಹಿಡಿದಿಟ್ಟಿದೆಯೆಂದು 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ 70ಕ್ಕೂ ಹೆಚ್ಚು ಆಟಗಾರರನ್ನು ಬಿಡುಗಡೆ ಮಾಡಿದರು. ಆದರೆ ಪದ್ಧತಿ ಮುಂದುವರಿಯಿತು. ಎಲ್ಲ ತಂಡಗಳೂ ಅದನ್ನೇ ಅನುಸರಿಸಿದವು.

ಪೈರೇಟ್ಸ್‌ಗೆ ಇನ್ನೂ ದೀರ್ಘವಾದ ಬರಗಾಲವೊಂದು ಕಾದಿತ್ತು. 1993ರಿಂದ 2012ರವರೆಗೆ ಸತತವಾಗಿ 20 ವರ್ಷ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚು. ಆಗಿನ ಅಭಿಮಾನಿಯ ಆಸೆಯೆಲ್ಲ ಕೆಳಗಿನ ತಂಡಗಳ ಹುಡುಗರ ಮೇಲೆ. ಆ ಆಸೆ ಕೆಲವೊಮ್ಮೆ ಫಲಿಸಿತು: 2005ರಲ್ಲಿ ಆರಿಸಿದ ಆಂಡ್ರೂ ಮೆಕಚನ್ 2009ರಲ್ಲಿ ಮೇಲೇರಿ, 2013ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು. ಆ ವರ್ಷ ತಂಡ 94 ಪಂದ್ಯ ಗೆದ್ದಿತು.

ಅದೇ ಬರಗಾಲದಲ್ಲಿ ಪೈರೇಟ್ಸ್‌ನ ಸಸಿಮಡಿಗೆ ಇಬ್ಬರು ಭಾರತೀಯರೂ ಸೇರಿದ್ದರೆಂಬುದು ನಿಮಗೆ ಗೊತ್ತೆ? ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಈಟಿ ಎಸೆತದ ಹುಡುಗರು, ಬೇಸ್‌ಬಾಲ್ ಆಡಿದವರೇ ಅಲ್ಲ. ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಕಣ್ಣಿಗೆ ಬಿದ್ದು, ಅಮೆರಿಕದಲ್ಲಿ ತರಬೇತಿ ಪಡೆದು, 2008ರ ನವೆಂಬರಿನಲ್ಲಿ ಸಹಿ ಹಾಕಿದರು. 2009ರಲ್ಲಿ ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿ, ಏಣಿಯ ಕೆಳಗಿನ ಮೆಟ್ಟಿಲಲ್ಲಿ ಆಡಿದರು. ಪಟೇಲ್ 2010ರಲ್ಲೇ ತಂಡದಿಂದ ಹೊರಬಿದ್ದರು. ಸಿಂಗ್ ಇನ್ನೂ ಕೆಲವು ವರ್ಷ ಹೋರಾಡಿದರು, ಗಾಯಗಳು ಬಿಡಲಿಲ್ಲ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಅವರ ಕಥೆ 2014ರಲ್ಲಿ ಸಿನಿಮಾ ಆಯಿತು. ಅವರಂತೆಯೇ ಅರ್ಧ ಏಣಿಯಲ್ಲಿ ಇಳಿದ ಸಾವಿರಾರು ಹುಡುಗರ ಮೇಲೆ ಸಿನಿಮಾ ಬರುವುದಿಲ್ಲ.

ಅವರು ಕೇಳಿದ್ದು ಸಿನಿಮಾವನ್ನಲ್ಲ, ಸಂಬಳವನ್ನು. 2022ರವರೆಗೂ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿದ್ದವನ ಕನಿಷ್ಠ ವಾರ್ಷಿಕ ವೇತನ 17,500 ಡಾಲರ್; ತೀರಾ ಕೆಳಗಿದ್ದವನಿಗೆ 4,800. 2014ರಲ್ಲಿ ಕೆಲವರು ಕೋರ್ಟಿಗೆ ಹೋದರು. 2022ರಲ್ಲಿ 18.5 ಕೋಟಿ ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಮೈನರ್ ಲೀಗ್ ಆಟಗಾರರು ಕಾರ್ಮಿಕ ಸಂಘಕ್ಕೆ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಆ ಕನಿಷ್ಠ ವೇತನಗಳು 35,800 ಮತ್ತು 19,800 ಡಾಲರಿಗೇರಿದವು. ಫಾರ್ಮ್ ಪದ್ಧತಿ ಹುಟ್ಟಿ ನೂರು ವರ್ಷ ಕಳೆದ ಮೇಲೆ ಬಂದ ನ್ಯಾಯವಿದು.

ಸೋಲುವ ತಂಡದ ಬೆನ್ನು ಬಿಡದೆ ಇರುವುದು ದೊಡ್ಡ ಗುಣ. ನಾಳೆ ಬರಲಿರುವ ಹುಡುಗನ ಹೆಸರನ್ನು ಇಂದೇ ತಿಳಿದಿರುವುದರಲ್ಲಿ ಒಂದು ಸೊಗಸೂ ಇದೆ. ಆದರೆ ನಮ್ಮ ಕಾಯುವಿಕೆಗೆ ಟಿಕೆಟ್ಟಿನ ಹಣವಷ್ಟೇ ಖರ್ಚು. ಆ ಹುಡುಗನ ಕಾಯುವಿಕೆಗೆ ಅವನ ಯೌವನವೇ ಖರ್ಚು. ಮಜೆರೊಸ್ಕಿಯ ಆ ಹೊಡೆತವನ್ನು ಎಂದಾದರೂ ನೋಡಿದಾಗ, 1952ರ 112 ಸೋಲುಗಳನ್ನೂ ಮೇಲೇರದ ಆ ಹುಡುಗರನ್ನೂ ಒಮ್ಮೆ ನೆನೆಯಿರಿ. ನಿಮ್ಮ ಶಾಲೆ, ಕಾಲೇಜಿನ ತಂಡದಲ್ಲಿ ಆಯ್ಕೆಯಾಗದೆ ಉಳಿದವರಿಗೆ ಏನು ಸಿಗಬೇಕು? ಗೆಳೆಯರೊಡನೆ ಚರ್ಚಿಸಿ ನೋಡಿ.