ರೇಷ್ಮೆಹುಳುವಿನ ಕೋಣೆ

ಪಿಎಚ್.ಡಿ.ಗಾಗಿ ನಾನು ಓದುತ್ತಿರುವುದು ಶಾಸನಗಳನ್ನು. ಅಲ್ಲಿ ಸೋತವರಿಗೆ ಬಾಯಿಲ್ಲ. ಅರಸ ಗೆದ್ದ, ಭೂಮಿ ಬಿಟ್ಟ, ಈ ಧರ್ಮವನ್ನು ಅಳಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎನ್ನುವಷ್ಟರಲ್ಲಿ ಕಲ್ಲು ಮುಗಿದಿರುತ್ತದೆ. ಅರಸನಿಂದ ಪೆಟ್ಟು ತಿಂದವನು ಆ ಅರಸನ ಬಗ್ಗೆ ಏನು ಹೇಳುತ್ತಿದ್ದನೋ, ಕಲ್ಲನ್ನು ಕೇಳಿ ಪ್ರಯೋಜನವಿಲ್ಲ. ಈ ಕೊರಗಿನಲ್ಲಿದ್ದ ದಿನಗಳಲ್ಲೇ ಬರ್ಟನ್ ವಾಟ್ಸನ್ ಇಂಗ್ಲಿಷಿಗೆ ತಂದಿರುವ ಸಿಮಾ ಛಿಯೆನ್ ನನ್ನ ಕೈಗೆ ಸಿಕ್ಕಿದ. ನನಗೆ ಚೀನೀ ಭಾಷೆ ಬಾರದು. ಅನುವಾದಕರನ್ನು ನಂಬಿಯೇ ಇದನ್ನು ಬರೆಯುತ್ತಿದ್ದೇನೆ.

ಕ್ರಿ.ಪೂ. 99. ಹಾನ್ ವಂಶದ ವೂ ಚಕ್ರವರ್ತಿಯ ಆಳ್ವಿಕೆ. ಉತ್ತರದ ಶಿಯೊಂಗ್‌ನು ಅಲೆಮಾರಿಗಳ ಮೇಲೆ ದಶಕಗಳಿಂದ ಯುದ್ಧ ನಡೆಯುತ್ತಿತ್ತು. ಆ ವರ್ಷದ ದಂಡಯಾತ್ರೆಯ ಮುಖ್ಯಸ್ಥ ಲಿ ಗುವಾಂಗ್‌ಲಿ. ಚಕ್ರವರ್ತಿಯ ಅಚ್ಚುಮೆಚ್ಚಿನ ರಾಣಿಯೊಬ್ಬಳ ಅಣ್ಣ ಎಂಬುದೇ ಅವನ ದೊಡ್ಡ ಅರ್ಹತೆ. ಲಿ ಲಿಂಗ್ ಎಂಬ ಇನ್ನೊಬ್ಬ ದಳಪತಿ ಐದು ಸಾವಿರ ಕಾಲಾಳುಗಳನ್ನು ಕಟ್ಟಿಕೊಂಡು ಬೇರೆ ದಾರಿಯಿಂದ ಮರುಭೂಮಿ ಹೊಕ್ಕ. ಅವನಿಗೆ ಎದುರಾದದ್ದು ಮೊದಲು ಮೂವತ್ತು ಸಾವಿರ ಕುದುರೆ ಸವಾರರು, ಆಮೇಲೆ ಇನ್ನೂ ಎಂಬತ್ತು ಸಾವಿರ. ದಿನಗಟ್ಟಲೆ ಹೋರಾಡುತ್ತಾ ಹಿಂದೆ ಸರಿದ. ಕೊನೆಗೆ ಬಾಣಗಳು ಮುಗಿದವು, ನೆರವಿನ ಸೈನ್ಯ ಬರಲಿಲ್ಲ. ಗಡಿ ಇನ್ನು ಹೆಚ್ಚು ದೂರವಿಲ್ಲ ಎನ್ನುವಾಗ ಶರಣಾದ. ಜೀವಸಹಿತ ಗಡಿ ಮುಟ್ಟಿದವರು ನಾನೂರು ಮಂದಿ.

ಮೊದಲ ಗೆಲುವಿನ ಸುದ್ದಿ ರಾಜಧಾನಿ ಚಾಂಗಾನ್‌ಗೆ ಬಂದಾಗ ಬಟ್ಟಲೆತ್ತಿ ಜಯಕಾರ ಹಾಕಿದ್ದ ಮಂತ್ರಿಗಳೇ ಈಗ ಲಿ ಲಿಂಗ್‌ನನ್ನು ದ್ರೋಹಿ ಎಂದರು. ಅವನ ಪರವಾಗಿ ಮಾತಾಡಿದವನು ಒಬ್ಬನೇ, ಆಸ್ಥಾನದಲ್ಲಿ ಪಂಚಾಂಗ ಮತ್ತು ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಸಿಮಾ ಛಿಯೆನ್. ಲಿ ಲಿಂಗ್ ಅವನಿಗೆ ಸ್ನೇಹಿತನೇನೂ ಅಲ್ಲ, ಇಬ್ಬರೂ ಒಮ್ಮೆಯೂ ಜೊತೆಗೆ ಕೂತು ಕುಡಿದವರಲ್ಲ. ಚಕ್ರವರ್ತಿ ಅಭಿಪ್ರಾಯ ಕೇಳಿದ, ಇವನು ಹೇಳಿದ. ಇಷ್ಟು ಚಿಕ್ಕ ಪಡೆ ಇಷ್ಟು ದೊಡ್ಡ ಸೈನ್ಯವನ್ನು ತಡೆದದ್ದೇ ಸಾಧನೆ, ಸಮಯ ನೋಡಿ ಮರಳಿ ಬಂದು ಋಣ ತೀರಿಸಲೆಂದೇ ಅವನು ಬದುಕಿಕೊಂಡಿರಬಹುದು ಎಂಬರ್ಥದ ಮಾತು. ಚಕ್ರವರ್ತಿಯ ಕಿವಿಗೆ ಅದು ಬೇರೆಯಾಗಿ ಕೇಳಿಸಿತು. ಲಿ ಲಿಂಗ್‌ನನ್ನು ಹೊಗಳಿದರೆ, ಏನನ್ನೂ ಸಾಧಿಸದೆ ಬಂದ ರಾಣಿಯ ಅಣ್ಣನನ್ನು ತೆಗಳಿದಂತೆ. ಅವನನ್ನು ತೆಗಳಿದರೆ ಅವನನ್ನು ಆರಿಸಿದವನನ್ನೇ ತೆಗಳಿದಂತೆ. ರಾಜನಿಗೆ ವಂಚನೆಯ ಮಾತಾಡಿದ ಎಂಬ ಆರೋಪ ಹೊರಿಸಿ ಸೆರೆಮನೆಗೆ ಹಾಕಿದರು. ಆ ಅಪರಾಧಕ್ಕೆ ಶಿಕ್ಷೆ ಮರಣ.

ಹಾನ್ ಕಾನೂನಿನಲ್ಲಿ ಮರಣದಂಡನೆಯಿಂದ ತಪ್ಪಿಸಿಕೊಳ್ಳಲು ಹಣದ ದಾರಿಯಿತ್ತು. ಆ ವರ್ಷಗಳ ಒಂದು ರಾಜಾಜ್ಞೆಯ ಪ್ರಕಾರ ಅದರ ಬೆಲೆ 5,00,000 ನಾಣ್ಯ. ಸಿಮಾ ಛಿಯೆನ್‌ನ ಮನೆಯಲ್ಲಿ ಅಷ್ಟು ಹಣವಿರಲಿಲ್ಲ, ಗೆಳೆಯರು ಯಾರೂ ಕೈ ಹಿಡಿಯಲಿಲ್ಲ. ಉಳಿದದ್ದು ಎರಡೇ: ಸಾವು, ಇಲ್ಲವೇ ಬೀಜ ತೆಗೆಸಿಕೊಂಡು ಬದುಕುವುದು.

ಮಾನವಂತರಿಗೆ ಇದರಲ್ಲಿ ಆಯ್ಕೆಯೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಲಿ ಲಿಂಗ್‌ನ ಅಜ್ಜ, ಹೆಸರಾಂತ ಸೇನಾಪತಿ ಲಿ ಗುವಾಂಗ್, ಕ್ರಿ.ಪೂ. 119ರಲ್ಲಿ ದಾರಿ ತಪ್ಪಿ ಯುದ್ಧಕ್ಕೆ ತಡವಾಗಿ ತಲುಪಿದ್ದಕ್ಕೆ ಗುಮಾಸ್ತರ ವಿಚಾರಣೆ ಎದುರಿಸಬೇಕಾಗಿ ಬಂದಾಗ ತನ್ನ ಕತ್ತನ್ನು ತಾನೇ ಕೊಯ್ದುಕೊಂಡಿದ್ದ. ಸಿಮಾ ಛಿಯೆನ್‌ನಿಂದಲೂ ಎಲ್ಲರೂ ನಿರೀಕ್ಷಿಸಿದ್ದು ಅದನ್ನೇ. ಆದರೆ ಅವನ ತಂದೆ ಸಿಮಾ ತಾನ್ ಕ್ರಿ.ಪೂ. 110ರಲ್ಲಿ ಸಾಯುವಾಗ ಮಗನ ಕೈ ಹಿಡಿದು ಅತ್ತು, ತಾನು ಬರೆಯಬೇಕೆಂದಿದ್ದ ಚರಿತ್ರೆಯನ್ನು ನೀನು ಬರೆ ಎಂದು ಒಪ್ಪಿಸಿದ್ದ. ಆ ಪುಸ್ತಕ ಅರ್ಧದಲ್ಲಿತ್ತು. ಸಿಮಾ ಛಿಯೆನ್ ಮರುವರ್ಷ ಕತ್ತಿಗೆ ಮೈಯೊಡ್ಡಿದ.

ಆ ಶಿಕ್ಷೆಯಾದವರನ್ನು ಗಾಯ ಮಾಯುವ ತನಕ ಗಾಳಿಯಾಡದ, ಬೆಚ್ಚಗಿನ ಕೋಣೆಯಲ್ಲಿ ಇಡುತ್ತಿದ್ದರು. ಅದಕ್ಕೆ ರೇಷ್ಮೆಹುಳುವಿನ ಕೋಣೆ ಎಂದೇ ಹೆಸರು. ನಮ್ಮಜ್ಜಿಯ ಊರಲ್ಲಿ ಹುಳು ಮನೆ ಕಂಡವಳು ನಾನು. ಚಳಿಗಾಲದಲ್ಲಿ ಇದ್ದಿಲು ಉರಿಸಿ, ಬಾಗಿಲಿಗೆ ಗೋಣಿತಾಟು ಕಟ್ಟುತ್ತಿದ್ದರು. ಹುಳು ಜ್ವರಕ್ಕೆ ಕೂತಾಗ ಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ಆ ಬಿಸಿ, ಸೊಪ್ಪಿನ ಆ ವಾಸನೆ ನೆನಪಾಗಿ, ಆ ಎರಡು ಪದಗಳ ಮೇಲೆ ಪುಟ ತಿರುವದೆ ಬಹಳ ಹೊತ್ತು ಕೂತಿದ್ದೆ.

ಅನಂತರ ನಡೆದದ್ದು ಇನ್ನೂ ವಿಚಿತ್ರ. ಚಕ್ರವರ್ತಿ ಅವನನ್ನು ಬಿಡುಗಡೆ ಮಾಡಿ, ಅರಮನೆಯೊಳಗಿನ ಕಡತಗಳನ್ನು ನೋಡಿಕೊಳ್ಳುವ ದೊಡ್ಡ ಹುದ್ದೆಗೇರಿಸಿದ. ಸಂಬಳ, ಪದವಿ ಎರಡೂ ಮೊದಲಿಗಿಂತ ಹೆಚ್ಚು. ರೆನ್ ಆನ್ ಎಂಬ ಪರಿಚಿತನೊಬ್ಬ, ಈಗ ನೀನು ರಾಜನಿಗೆ ಹತ್ತಿರದವನು, ಯೋಗ್ಯರ ಹೆಸರು ಸೂಚಿಸು ಎಂದು ಪತ್ರ ಬರೆದ. ಸಿಮಾ ಛಿಯೆನ್ ಉತ್ತರಿಸುವ ಹೊತ್ತಿಗೆ ಆ ರೆನ್ ಆನ್ ತಾನೇ ಸೆರೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದ. ಆ ಉತ್ತರ ಬಾನ್ ಗೂ ಬರೆದ ಹಾನ್ ಚರಿತ್ರೆಯಲ್ಲಿ ಉಳಿದುಕೊಂಡಿದೆ. ತನ್ನ ಅವಮಾನವನ್ನು ಅವನು ಹೇಳಿಕೊಂಡಿರುವುದು ಅಲ್ಲಿ: ಮನೆಯಲ್ಲಿ ಕೂತರೆ ಮಂಕು ಕವಿಯುತ್ತದೆ, ಹೊರಗೆ ಹೊರಟರೆ ಎಲ್ಲಿಗೆ ಹೊರಟೆನೆಂದೇ ತಿಳಿಯುವುದಿಲ್ಲ, ನೆನೆದಾಗಲೆಲ್ಲ ಬೆನ್ನು ಬೆವರುತ್ತದೆ ಎಂಬ ಅರ್ಥದಲ್ಲಿ. ಬದುಕಿಕೊಂಡಿದ್ದಕ್ಕೆ ಅವನು ಕೊಡುವ ಕಾರಣ ಒಂದೇ, ಪುಸ್ತಕ ಮುಗಿಯಬೇಕಿತ್ತು. ಸಾಯಬೇಕಾದವನಿಗೆ ಉಳಿದುಕೊಂಡವನು ಬರೆದ ಕಾಗದ ಅದು. ನೀನೇಕೆ ಸಾಯಲಿಲ್ಲ ಎಂದು ರೆನ್ ಆನ್ ಕೇಳಿರಲಿಲ್ಲ, ಆದರೂ ಪತ್ರದ ಬಹುಪಾಲು ಆ ಪ್ರಶ್ನೆಗೇ ಉತ್ತರ.

ಪುಸ್ತಕ ಮುಗಿಯಿತು. 130 ಅಧ್ಯಾಯ, ಅವನೇ ಎಣಿಸಿಟ್ಟಿರುವಂತೆ 5,26,500 ಅಕ್ಷರ. ಇವತ್ತು ಅದನ್ನು ‘ಶಿ ಜಿ’ ಎನ್ನುತ್ತಾರೆ. ಅದು ಸೇಡಿನ ಪುಸ್ತಕವೇ ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಂದ ಇದೆ.

ಹೌದು ಎನ್ನುವವರಿಗೆ ಸಾಕ್ಷ್ಯ ಬೇಕಾದಷ್ಟಿದೆ. ಅವಮಾನ ನುಂಗಿ, ಕಾದು, ಎದ್ದುಬಂದವರ ಕತೆ ಬಂತೆಂದರೆ ಇವನ ಲೇಖನಿ ಬೇರೆಯೇ ಹುರುಪಿನಲ್ಲಿ ಓಡುತ್ತದೆ. ಫಾನ್ ಜೂ ಎಂಬವನ ಕತೆ ನೋಡಿ. ಮಾಡದ ದ್ರೋಹಕ್ಕೆ ಅವನನ್ನು ಪಕ್ಕೆಲುಬು ಮುರಿಯುವಂತೆ ಹೊಡೆದು, ಚಾಪೆಯಲ್ಲಿ ಸುತ್ತಿ ಪಾಯಖಾನೆಗೆ ಎಸೆಯುತ್ತಾರೆ, ಕುಡಿದ ಅತಿಥಿಗಳು ಅವನ ಮೇಲೆ ಉಚ್ಚೆ ಹೊಯ್ಯುತ್ತಾರೆ. ಸತ್ತಂತೆ ಬಿದ್ದುಕೊಂಡು ಪಾರಾಗಿ, ಹೆಸರು ಬದಲಿಸಿ, ಛಿನ್ ರಾಜ್ಯದ ಪ್ರಧಾನಿಯಾಗುತ್ತಾನೆ. ತನ್ನ ಮೇಲೆ ದೂರು ಹೇಳಿದ್ದ ಶು ಜ್ಯಾ ರಾಯಭಾರಿಯಾಗಿ ಬಂದಾಗ ಹರಕು ಬಟ್ಟೆಯುಟ್ಟು ಅವನೆದುರು ಹೋಗಿ ನಿಲ್ಲುತ್ತಾನೆ. ಶು ಜ್ಯಾಗೆ ಅಯ್ಯೋ ಎನಿಸಿ ಒಂದು ದಪ್ಪ ರೇಷ್ಮೆ ನಿಲುವಂಗಿ ಕೊಡುತ್ತಾನೆ. ಆ ನಿಲುವಂಗಿ ಅವನ ಜೀವ ಉಳಿಸುತ್ತದೆ. ಆದರೆ ಔತಣದಲ್ಲಿ ಅವನ ಮುಂದಿಟ್ಟದ್ದು ಕುದುರೆ ಮೇವು. ಇನ್ನು ವೂ ಝಿಶು. ತಂದೆಯನ್ನೂ ಅಣ್ಣನನ್ನೂ ಕೊಂದ ರಾಜನ ಗೋರಿ ಅಗೆದು, ಹೆಣಕ್ಕೆ ಮುನ್ನೂರು ಏಟು ಹೊಡೆದವನು. ಹಳೆಯ ಗ್ರಂಥವೊಂದರಲ್ಲಿ ಅವನು ಹೊಡೆದದ್ದು ಬರೀ ಗೋರಿಗೆ. ಹೆಣಕ್ಕೆ ಹೊಡೆಸಿದ ರೂಪವನ್ನೇ ಸಿಮಾ ಛಿಯೆನ್ ವೂ ಝಿಶುವಿನ ಅಧ್ಯಾಯದಲ್ಲಿ ಇಟ್ಟುಕೊಂಡ. ಕೊನೆಗೆ, ತಂದೆಯ ಜೊತೆಗೇ ಸಾಯದೆ ಬದುಕಿದ್ದಕ್ಕಾಗಿ ಅವನನ್ನು ಮೆಚ್ಚಿಕೊಂಡ.

ತನ್ನದೇ ಕಾಲಕ್ಕೆ ಬಂದಾಗ ಅವನು ಇಷ್ಟು ಜೋರಾಗಿ ಮಾತಾಡುವುದಿಲ್ಲ. ‘ಕ್ರೂರ ಅಧಿಕಾರಿಗಳು’ ಎಂಬ ಅಧ್ಯಾಯದಲ್ಲಿ ಹೆಚ್ಚಿನವರು ವೂ ಚಕ್ರವರ್ತಿ ಬೆಳೆಸಿದವರೇ. ನ್ಯಾಯಾಂಗದ ಮುಖ್ಯಸ್ಥನಾಗಿದ್ದ ದು ಝೋ ಕಾನೂನು ನೋಡದೆ ರಾಜನ ಮುಖ ನೋಡಿ ತೀರ್ಪು ಕೊಡುತ್ತಿದ್ದ ಎಂದು ಬರೆದು, ನೌಕರಿಗೆ ಸೇರಿದಾಗ ಅವನ ಹತ್ತಿರ ಇದ್ದದ್ದು ಒಂದು ಕುದುರೆ, ಅದರ ಸಜ್ಜೂ ಪೂರ್ತಿಯಿರಲಿಲ್ಲ ಎನ್ನುತ್ತಾನೆ. ಮುಂದಿನ ಮಾತು ಅವನ ಕೊನೆಗಾಲದ ಕೋಟಿಗಟ್ಟಲೆ ಆಸ್ತಿಯ ಬಗ್ಗೆ. ಬೈಗುಳ ಒಂದೂ ಇಲ್ಲ.

ಆದರೂ ಸೇಡಿನ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ನನ್ನನ್ನು ತಡೆಯುವುದು ಲಿ ಗುವಾಂಗ್‌ನ ಅಧ್ಯಾಯ. ಯಾರ ಮನೆತನಕ್ಕಾಗಿ ಸಿಮಾ ಛಿಯೆನ್ ಎಲ್ಲವನ್ನೂ ಕಳೆದುಕೊಂಡನೋ ಆ ಮನೆತನದ ಹಿರಿಯನ ಚರಿತ್ರೆ ಅದು. ಓದಿದರೆ ಕಣ್ಣು ತುಂಬುವಷ್ಟು ಪ್ರೀತಿಯಿಂದ ಬರೆದಿದ್ದಾನೆ. ಅದರ ನಡುವೆಯೇ, ಶರಣಾಗಿ ಬಂದ ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಲಿ ಗುವಾಂಗ್ ಮೋಸದಿಂದ ಕೊಂದದ್ದನ್ನು ಹೇಳುತ್ತಾನೆ. ಹುದ್ದೆಯಿಲ್ಲದ ದಿನಗಳಲ್ಲಿ ರಾತ್ರಿ ತನ್ನನ್ನು ತಡೆದು ನಿಲ್ಲಿಸಿದ ಕಾವಲು ಅಧಿಕಾರಿಯೊಬ್ಬನನ್ನು ಅಧಿಕಾರ ಬಂದ ಕೂಡಲೇ ಕರೆಸಿಕೊಂಡು ತಲೆ ಕಡಿಸಿದ್ದನ್ನೂ ಮುಚ್ಚಿಡುವುದಿಲ್ಲ. ಲಿ ಲಿಂಗ್‌ಗೆ ಸಿಕ್ಕಿರುವುದು ಅಧ್ಯಾಯದ ಕೊನೆಯಲ್ಲಿ ಕೆಲವೇ ಸಾಲು. ಆ ಯುದ್ಧದ ವಿವರಗಳು ಬೇಕೆಂದರೆ ಬಾನ್ ಗೂ ಹತ್ತಿರ ಹೋಗಬೇಕು. ಸೇಡಿಗಾಗಿಯೇ ಕೂತವನು ತನ್ನ ಪಕ್ಷದವರ ರಕ್ತದ ಲೆಕ್ಕವನ್ನು ಹೀಗೆ ಬರೆದಿಡುತ್ತಾನೆಯೇ?

ಘಟನೆಗಳ ಸೇಡು ಬೇರೆಯೇ ದಾರಿ ಹಿಡಿಯಿತು. ಲಿ ಲಿಂಗ್ ಶತ್ರುಗಳಿಗೆ ಯುದ್ಧ ಕಲಿಸುತ್ತಿದ್ದಾನೆ ಎಂಬ ಸುದ್ದಿ ನಂಬಿ ಚಕ್ರವರ್ತಿ ಅವನ ತಾಯಿ, ಹೆಂಡತಿ, ಮಕ್ಕಳನ್ನೆಲ್ಲ ಕೊಲ್ಲಿಸಿದ. ಕಲಿಸುತ್ತಿದ್ದವನು ಬೇರೆ ಲಿ ಎಂದು ಆಮೇಲೆ ತಿಳಿಯಿತು. ಕ್ರಿ.ಪೂ. 91ರಲ್ಲಿ ಮಾಟದ ಗುಮಾನಿ ಅರಮನೆಗೇ ನುಗ್ಗಿ ಯುವರಾಜನನ್ನು ಬಲಿ ತೆಗೆದುಕೊಂಡಿತು. ಅದರ ಮರುವರ್ಷ ಲಿ ಗುವಾಂಗ್‌ಲಿ, ಯಾರನ್ನು ತೆಗಳಿದನೆಂದು ಸಿಮಾ ಛಿಯೆನ್ ಕತ್ತಿಗೆ ಸಿಕ್ಕಿದನೋ ಅವನೇ, ತನ್ನ ಸೈನ್ಯದೊಂದಿಗೆ ಶಿಯೊಂಗ್‌ನುಗಳಿಗೆ ಶರಣಾದ.

ಸಿಮಾ ಛಿಯೆನ್‌ನ ಮಗಳ ಮಗ ಯಾಂಗ್ ಯುನ್ ಮುಂದೆ ಪುಸ್ತಕವನ್ನು ಹೊರಗೆ ತಂದ. ಅವನಿಗೂ ಮರಣದಂಡನೆಯಾಯಿತು. ಅವನನ್ನು ಸಿಕ್ಕಿಸಿದ್ದೂ ಒಂದು ಪತ್ರವೇ. ‘ಶಿ ಜಿ’ಯಲ್ಲಿ ವೂ ಚಕ್ರವರ್ತಿಯ ಅಧ್ಯಾಯ ಇಂದು ಇಲ್ಲ. ಆ ಜಾಗದಲ್ಲಿ ಅದೇ ಪುಸ್ತಕದ ಇನ್ನೊಂದು ಅಧ್ಯಾಯದ ಭಾಗವನ್ನು ಯಾರೋ ನಕಲು ಮಾಡಿ ತುಂಬಿದ್ದಾರೆ. ಚಕ್ರವರ್ತಿಯೇ ಓದಿ, ಸಿಟ್ಟಿನಿಂದ ಬಿದಿರ ಪಟ್ಟಿಗಳ ಮೇಲಿನ ಅಕ್ಷರ ಹೆರೆಸಿ ಎಸೆದ ಎಂಬ ಕತೆ ಮೂರನೇ ಶತಮಾನದಲ್ಲೇ ಹುಟ್ಟಿಕೊಂಡಿತ್ತು.

ಕ್ರಿ.ಶ. 192ರಲ್ಲಿ ತ್ಸಾಯ್ ಯೊಂಗ್ ಎಂಬ ಇನ್ನೊಬ್ಬ ಚರಿತ್ರೆಕಾರ, ಆಗಷ್ಟೇ ಕೊಲೆಯಾದ ಸರ್ವಾಧಿಕಾರಿಯೊಬ್ಬನಿಗಾಗಿ ನಿಟ್ಟುಸಿರು ಬಿಟ್ಟ ಎಂಬ ಕಾರಣಕ್ಕೆ ಸೆರೆಯಾದ. ಮುಖಕ್ಕೆ ಹಚ್ಚೆ ಹೊಡೆಯಿರಿ, ಪಾದ ಕತ್ತರಿಸಿ, ಹಾನ್ ಚರಿತ್ರೆಯನ್ನು ಮುಗಿಸಲು ಮಾತ್ರ ಬಿಡಿ ಎಂದು ಬೇಡಿಕೊಂಡ. ಹಿರಿಯ ಮಂತ್ರಿ ವಾಂಗ್ ಯುನ್ ಒಪ್ಪಲಿಲ್ಲ. ಅಂದು ವೂ ಚಕ್ರವರ್ತಿ ಸಿಮಾ ಛಿಯೆನ್‌ನನ್ನು ಕೊಲ್ಲದೆ ಬಿಟ್ಟದ್ದರಿಂದಲೇ ಒಂದು ನಿಂದೆಯ ಪುಸ್ತಕ ಲೋಕಕ್ಕೆ ಉಳಿಯಿತು, ಮತ್ತೆ ಹಾಗಾಗಬಾರದು ಎಂಬುದು ಅವನ ವಾದ. ತ್ಸಾಯ್ ಯೊಂಗ್ ಸೆರೆಮನೆಯಲ್ಲೇ ಸತ್ತ. ಕೆಲವೇ ತಿಂಗಳಲ್ಲಿ, ಕೊಲೆಯಾದ ಸರ್ವಾಧಿಕಾರಿಯ ದಂಡನಾಯಕರು ಚಾಂಗಾನ್‌ಗೆ ನುಗ್ಗಿ ವಾಂಗ್ ಯುನ್‌ನನ್ನು ಕೊಂದರು. ತ್ಸಾಯ್ ಯೊಂಗ್‌ನ ಚರಿತ್ರೆ ಮುಗಿಯಲಿಲ್ಲ.