ವೇದಿಕೆಯಿಲ್ಲದ ಸಮ್ಮೇಳನ: ನಿವೇಶನ ವ್ಯವಹಾರದವರು ತಾವೇ ನಡೆಸುವ ಬಗೆ

ಹುಮನಾಬಾದ್‌ನಿಂದ ಬಸವಕಲ್ಯಾಣದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ರಾಜೇಶ್ವರವಿದೆ. ಹೈದರಾಬಾದ್ ಮತ್ತು ಪುಣೆಗಳ ನಡುವಣ ವಾಹನ ಸಂಚಾರ ಹಗಲಿರುಳೂ ಈ ದಾರಿಯಲ್ಲಿಯೇ. ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್, ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ. ಇಂತಹ ಹೆದ್ದಾರಿ ಊರುಗಳಲ್ಲಿ ತೊಗರಿ ಬೆಳೆಯುತ್ತಿದ್ದ ಹೊಲವು ಕಲ್ಲು ನೆಟ್ಟ ಪ್ಲಾಟುಗಳಾಗಿ ಮಾರ್ಪಡುವುದು ಹೊಸ ಸಂಗತಿಯಲ್ಲ. ಆ ಪರಿವರ್ತನೆಯನ್ನು ನಡೆಸುವವರು ಹಲವರು: ಮಧ್ಯವರ್ತಿಗಳು, ಬಡಾವಣೆ ನಿರ್ಮಿಸುವವರು, ದಸ್ತಾವೇಜು ಬರಹಗಾರರು, ಪರವಾನಗಿ ಪಡೆದ ಭೂಮಾಪಕರು, ವಕೀಲರು. ಇವರೆಲ್ಲರೂ ಪ್ರತಿದಿನ ಒಬ್ಬರ ಕೆಲಸವನ್ನು ಇನ್ನೊಬ್ಬರು ಅವಲಂಬಿಸಿದ್ದರೂ ಒಂದೇ ಕಡೆ ಕುಳಿತು ಮಾತನಾಡುವ ಸಂದರ್ಭ ವಿರಳ. ಕುಳಿತರೂ ಅದು ಹಾರ, ಶಾಲು, ಸ್ವಾಗತ ಭಾಷಣ, ವಂದನಾರ್ಪಣೆಗಳ ಸಮಾರಂಭವಾಗಿರುತ್ತದೆ. ಪ್ರಶ್ನೆ ಕೇಳುವ ಹೊತ್ತಿಗೆ ಊಟದ ಗಂಟೆ ಬಾರಿಸಿರುತ್ತದೆ.

ಇದಕ್ಕೆ ಪರ್ಯಾಯವಾಗಿ ಬೆಳೆದು ಬಂದಿರುವುದೇ ಸ್ವಯಂಸೇವಕರು ನಡೆಸುವ, ಬಂದವರೇ ಕಾರ್ಯಕ್ರಮ ರೂಪಿಸುವ ಸಮ್ಮೇಳನ. ಇದರಲ್ಲಿ ಮುದ್ರಿತ ಆಹ್ವಾನ ಪತ್ರಿಕೆಯಲ್ಲಿ ಉಪನ್ಯಾಸಕರ ಹೆಸರುಗಳಿರುವುದಿಲ್ಲ. ಬೆಳಿಗ್ಗೆ ಸೇರಿದವರು ತಮಗೆ ತಿಳಿದ ಅಥವಾ ತಮ್ಮನ್ನು ಕಾಡುತ್ತಿರುವ ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಯ ಮೇಲಿನ ವೇಳಾಪಟ್ಟಿಗೆ ಅಂಟಿಸುತ್ತಾರೆ. ಅದೇ ಆ ದಿನದ ಕಾರ್ಯಕ್ರಮ.

ಬಾರ್‌ಕ್ಯಾಂಪ್ ಬಂದ ಬಗೆ

ಅಮೆರಿಕದ ಹ್ಯಾರಿಸನ್ ಓವೆನ್ ಎಂಬವರು 1985ರಲ್ಲಿ ‘ಓಪನ್ ಸ್ಪೇಸ್’ ಎಂಬ ಪದ್ಧತಿಯನ್ನು ಆರಂಭಿಸಿದರು. ಸಮ್ಮೇಳನಗಳಲ್ಲಿ ಜನರಿಗೆ ನಿಜವಾಗಿ ಪ್ರಯೋಜನವಾಗುವುದು ಕಾಫಿ ವಿರಾಮದ ಮಾತುಕತೆಯಿಂದ ಎಂಬುದು ಅವರು ಕಂಡುಕೊಂಡ ಸತ್ಯ. ಯಾವ ಗೋಷ್ಠಿಯಲ್ಲಿ ತನಗೆ ಕಲಿಯುವುದಾಗಲಿ ಕಲಿಸುವುದಾಗಲಿ ಇಲ್ಲವೋ ಅಲ್ಲಿಂದ ಎದ್ದು ಬೇರೆಡೆಗೆ ಹೋಗಬಹುದು ಎಂಬ ಅವರ ನಿಯಮವೇ ಈ ಪದ್ಧತಿಯ ಜೀವಾಳ. ಮುಂದೆ 2005ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಮೊದಲ ಬಾರ್‌ಕ್ಯಾಂಪ್ ನಡೆಯಿತು. ಹೆಸರಿನಲ್ಲಿರುವ ‘ಬಾರ್’ಗೂ ಮದ್ಯಕ್ಕೂ ಸಂಬಂಧವಿಲ್ಲ, ಅದು ತಂತ್ರಾಂಶ ಬರೆಯುವವರು ಉದಾಹರಣೆಗಾಗಿ ಬಳಸುವ ಹುಸಿಪದ. ಆಹ್ವಾನಿತರಿಗಷ್ಟೇ ಮೀಸಲಾಗಿದ್ದ ‘ಫೂಕ್ಯಾಂಪ್’ಗೆ ಎಲ್ಲರಿಗೂ ತೆರೆದ ಉತ್ತರವಾಗಿ ಅದು ಹುಟ್ಟಿಕೊಂಡಿತು.

2006ರಲ್ಲಿಯೇ ಇದು ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಿಗೆ ಬಂದಿತು. ಬೆಂಗಳೂರಿನ ಬಾರ್‌ಕ್ಯಾಂಪ್ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿಯೂ, ನಂತರ ವೈಟ್‌ಫೀಲ್ಡ್‌ನ ಸ್ಯಾಪ್ ಲ್ಯಾಬ್ಸ್‌ನಲ್ಲಿಯೂ ನಡೆದು, ಸ್ವಯಂಸೇವಕರಿಂದಲೇ ವರ್ಷಗಳ ಕಾಲ ಮುಂದುವರಿಯಿತು. ಮನೆ-ನಿವೇಶನಗಳ ವ್ಯವಹಾರದವರು ಇದನ್ನು ತಮ್ಮದಾಗಿಸಿಕೊಂಡದ್ದು 2008ರ ಜುಲೈಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಮೆರಿಕದ ಗೃಹ ಮಾರುಕಟ್ಟೆ ಕುಸಿಯುತ್ತಿದ್ದ ಆ ದಿನಗಳಲ್ಲಿ ದುಬಾರಿ ಶುಲ್ಕದ ದೊಡ್ಡ ಸಮ್ಮೇಳನವೊಂದರ ಮುನ್ನಾದಿನ ‘ಆರ್‌ಇ ಬಾರ್‌ಕ್ಯಾಂಪ್’ ಎಂಬ ಹೆಸರಿನಲ್ಲಿ ಸೇರಿದ ಏಜೆಂಟರು ತಮ್ಮ ತಮ್ಮ ಅನುಭವಗಳನ್ನು ಹಂಚಿಕೊಂಡರು. ಬಳಿಕ ಅದು ಅಲ್ಲಿನ ಅನೇಕ ನಗರಗಳಿಗೆ ಹರಡಿತು.

ಬಸವಕಲ್ಯಾಣದ ಹತ್ತಿರ ಇಂಥದನ್ನು ನಡೆಸುವವರು ಇದನ್ನು ಅನುಭವ ಮಂಟಪಕ್ಕೆ ಹೋಲಿಸದೆ ಇರಲಾರರು. ಎಲ್ಲ ಕಾಯಕದವರೂ ಸಮಾನವಾಗಿ ಕುಳಿತು ಮಾತನಾಡಿದರು ಎಂಬ ಮಟ್ಟಿಗೆ ಹೋಲಿಕೆ ಸರಿ. ಆದರೆ ಅಲ್ಲಿ ಅಲ್ಲಮಪ್ರಭು ಶೂನ್ಯ ಸಿಂಹಾಸನದಲ್ಲಿದ್ದನೆಂಬುದು ಪರಂಪರೆಯ ನಂಬಿಕೆ. ಬಾರ್‌ಕ್ಯಾಂಪಿನಲ್ಲಿ ಅಧ್ಯಕ್ಷ ಪೀಠವೇ ಇಲ್ಲ. ಪ್ಲಾಟಿನ ಮಾತಿಗೆ ಶರಣರನ್ನು ಎಳೆದು ತರದಿರುವುದೇ ಲೇಸು.

ದಿನ, ಸ್ಥಳ, ಹಣ

ಅರುವತ್ತರಿಂದ ಎಂಬತ್ತು ಜನ ಸೇರುವ ಒಂದು ದಿನದ ಕೂಟಕ್ಕೆ ಐದಾರು ಸ್ವಯಂಸೇವಕರು ಸಾಕು. ದಿನವನ್ನು ಗೊತ್ತುಪಡಿಸುವಾಗ ವ್ಯವಹಾರದ ಏರಿಳಿತವನ್ನು ನೋಡಬೇಕು. ಅಕ್ಷಯ ತೃತೀಯೆ, ದಸರೆ, ದೀಪಾವಳಿಗಳ ಆಸುಪಾಸಿನಲ್ಲಿ ಯಾವ ಮಧ್ಯವರ್ತಿಯೂ ಬರಲಾರ. ಶುಭಕಾರ್ಯಗಳಿಲ್ಲದ ಆಷಾಢವೇ ಇದಕ್ಕೆ ಒಳ್ಳೆಯ ಕಾಲ: ನೋಂದಣಿಗಳು ಕಡಿಮೆ, ಕಲ್ಯಾಣ ಮಂಟಪಗಳು ಖಾಲಿ, ಬಾಡಿಗೆಯಲ್ಲಿಯೂ ರಿಯಾಯಿತಿ ದೊರೆತೀತು. ಮಳೆಗಾಲವಾದ ಕಾರಣ ಶಾಮಿಯಾನವನ್ನು ನಂಬಲಾಗದು. ಬಿತ್ತನೆಯಲ್ಲಿ ತೊಡಗಿರುವ, ಹೊಲವೂ ದಲ್ಲಾಳಿತನವೂ ಎರಡೂ ಇರುವವರಿಗಾಗಿ ಭಾನುವಾರವನ್ನು ಆರಿಸಿಕೊಳ್ಳಬೇಕು.

ನಾಲ್ಕು ಕೋಣೆಗಳಿರುವ ಶಾಲೆಯೊಂದು ಸಭಾಂಗಣಕ್ಕಿಂತ ಉತ್ತಮ. ನಾಲ್ಕು ಕೋಣೆ, ಮುಕ್ಕಾಲು ಗಂಟೆಯ ಐದು ಅವಧಿ ಎಂದರೆ ಇಪ್ಪತ್ತು ಗೋಷ್ಠಿಗಳಾದವು. ಕುರ್ಚಿಗಳನ್ನು ಸಾಲಾಗಿ ಇಡದೆ ವರ್ತುಲವಾಗಿ ಇಡಬೇಕು. ಧ್ವನಿವರ್ಧಕ ಬೇಡ, ಅದು ಕೈಗೆ ಬಂದೊಡನೆ ಮಾತುಕತೆಯು ಭಾಷಣವಾಗಿಬಿಡುತ್ತದೆ.

ಹಣದ ವಿಷಯದಲ್ಲಿಯೇ ಇಂತಹ ಪ್ರಯತ್ನಗಳು ದಾರಿ ತಪ್ಪುವುದು. ದೊಡ್ಡ ಬಡಾವಣೆಯೊಂದರ ಮಾಲೀಕರು ಪೂರ್ತಿ ಖರ್ಚನ್ನು ವಹಿಸಿಕೊಳ್ಳುವುದಾಗಿ ಮುಂದೆ ಬಂದರೆ ಒಪ್ಪಬಾರದು. ಒಪ್ಪಿದ ಕ್ಷಣದಿಂದ ಅದು ಆ ಬಡಾವಣೆಯ ಪ್ರಚಾರ ಸಭೆ. ಬರುವ ಪ್ರತಿಯೊಬ್ಬರಿಂದಲೂ ಊಟದ ವೆಚ್ಚದಷ್ಟು ವಂತಿಗೆಯನ್ನು ಪಡೆದು, ಕೊರತೆ ಬಿದ್ದರೆ ನಾಲ್ಕಾರು ಸಣ್ಣ ಕೊಡುಗೆಗಳನ್ನು ಸ್ವೀಕರಿಸಬಹುದು. ಕೊಟ್ಟವರ ಹೆಸರು ಊಟದ ಕೋಣೆಯ ಬಾಗಿಲಲ್ಲಿ ಇದ್ದರೆ ಸಾಕು, ಗೋಷ್ಠಿಯ ಕೋಣೆಯಲ್ಲಿ ಅಲ್ಲ. ಪ್ಲಾಟುಗಳ ಬಣ್ಣದ ಕರಪತ್ರಗಳಿಗೆ ಆವರಣದೊಳಗೆ ಪ್ರವೇಶ ಬೇಡ.

ಮಾತನಾಡಬೇಕಾದ ವಿಷಯಗಳು

ವಿಷಯಗಳನ್ನು ಮೊದಲೇ ನಿಗದಿಪಡಿಸುವಂತಿಲ್ಲ, ನಿಜ. ಆದರೂ ಮೊದಲ ಸಲ ಸೇರುವವರು ಚೀಟಿ ಹಿಡಿದು ಸುಮ್ಮನೆ ನಿಲ್ಲುವುದು ಸಹಜ. ಆದುದರಿಂದ ಸ್ವಯಂಸೇವಕರು ಮುಂಚಿತವಾಗಿ ಹತ್ತು ಜನರನ್ನು ಕಂಡು, ‘ನಿಮ್ಮ ಕೈಯಲ್ಲಿ ನಿಂತುಹೋದ ವ್ಯವಹಾರ ಯಾವುದು, ಏಕೆ ನಿಂತಿತು?’ ಎಂದು ಕೇಳಿಟ್ಟುಕೊಳ್ಳಬೇಕು. ಉತ್ತರಗಳಲ್ಲಿಯೇ ಗೋಷ್ಠಿಗಳಿವೆ.

ಈ ಭಾಗದಲ್ಲಿ ಅವು ಎಲ್ಲಿಗೆ ಹೋಗಿ ನಿಲ್ಲುತ್ತವೆಂಬುದನ್ನು ಊಹಿಸಬಹುದು. ಬೀದರ್ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಹೈದರಾಬಾದ್ ಸಂಸ್ಥಾನ, ಬಳಿಕ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಅವುಗಳನ್ನು ಓದಬಲ್ಲ ಒಬ್ಬ ಹಿರಿಯರು ಕೋಣೆಯ ಮೂಲೆಯಲ್ಲಿ ಕುಳಿತು, ಐದಾರು ನಕಲುಗಳನ್ನು ಮುಂದಿಟ್ಟುಕೊಂಡು ಶಬ್ದಶಬ್ದವಾಗಿ ಬಿಡಿಸಿ ಹೇಳಿದರೆ ಅದಕ್ಕಿಂತ ಬೆಲೆಯುಳ್ಳ ಉಪನ್ಯಾಸವನ್ನು ಬೆಂಗಳೂರಿನಿಂದ ಕರೆಸಲಾಗದು.

ಇನ್ನೊಂದು ಅವಿಭಕ್ತ ಕುಟುಂಬದ ಆಸ್ತಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಹಕ್ಕುಗಳನ್ನು ವಿವರಿಸಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರನು ರಚಿಸಿದ್ದು ಇದೇ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಒಂಬೈನೂರು ವರ್ಷಗಳ ನಂತರವೂ ಅದೇ ಊರಿನ ಸುತ್ತಮುತ್ತ ಮಾರಾಟಗಳು ಅದೇ ಪ್ರಶ್ನೆಗೆ ಮುಗ್ಗರಿಸುತ್ತಿವೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಮಗಳನ್ನು ಮಗನಂತೆಯೇ ಸಹಭಾಗಿಯನ್ನಾಗಿ ಮಾಡಿತು. ತಂದೆ ಅಂದು ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟ, ವಿಭಾಗಗಳಿಗೆ ಇದರಿಂದ ಧಕ್ಕೆಯಿಲ್ಲ. ಅಣ್ಣತಮ್ಮಂದಿರ ಸಹಿಯನ್ನಷ್ಟೇ ಪಡೆದು, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಮರೆತ ಕ್ರಯಪತ್ರವು ಕೊಂಡವನನ್ನು ನ್ಯಾಯಾಲಯಕ್ಕೆ ಎಳೆಯಬಲ್ಲದು. ಇದನ್ನು ಒಬ್ಬ ವಕೀಲರು ಹೇಳುವುದಕ್ಕಿಂತ, ಹಾಗೆ ಸಿಕ್ಕಿಬಿದ್ದ ಒಬ್ಬ ಮಧ್ಯವರ್ತಿ ಹೇಳಿ ವಕೀಲರು ತಿದ್ದುವುದು ಹೆಚ್ಚು ಪರಿಣಾಮಕಾರಿ.

ಭೂ ಪರಿವರ್ತನೆಯಾಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಮಾರಿದ ತುಂಡುಗಳ ವಿಷಯವಂತೂ ಇದ್ದೇ ಇದೆ. ಅಲ್ಲಿ ಕೊಂಡ ಶಿಕ್ಷಕನಿಗಾಗಲಿ ಗಲ್ಫ್‌ನಿಂದ ಹಣ ಕಳುಹಿಸಿದ ಕಾರ್ಮಿಕನಿಗಾಗಲಿ ಮನೆ ಕಟ್ಟುವ ಪರವಾನಗಿಯೂ ಬ್ಯಾಂಕ್ ಸಾಲವೂ ದೊರಕುವುದು ಕಷ್ಟ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರ ವ್ಯಾಪ್ತಿಯ ಇ-ಖಾತಾ, 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲಿನ ತೊಡಕುಗಳು, ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ ಬೇಕಾಗುವ 11ಇ ನಕ್ಷೆ ಇವುಗಳಿಗೆ ಎರಡು ಅವಧಿಗಳಾದರೂ ಬೇಕು.

ರೇರಾ ಕಾಯ್ದೆಯ ಬಗ್ಗೆ ಗೊಂದಲ ಹೆಚ್ಚು. 2016ರ ಈ ಕಾಯ್ದೆಗೆ ಕರ್ನಾಟಕದ ನಿಯಮಗಳು ಬಂದದ್ದು 2017ರ ಜುಲೈಯಲ್ಲಿ. 500 ಚದರ ಮೀಟರಿಗೆ ಮೀರದ ಭೂಮಿಯ ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ನೋಂದಣಿ ಬೇಕಿಲ್ಲ. ನೋಂದಣಿ ಬೇಕಾದ ಯೋಜನೆಯಲ್ಲಿ ಮಾರಾಟ ಮಾಡಿಸುವ ಏಜೆಂಟನೂ ಸೆಕ್ಷನ್ 9ರ ಪ್ರಕಾರ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಗಳಷ್ಟು ದಂಡ. ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡವನ್ನು ಕರಾರು ನೋಂದಣಿಗೆ ಮೊದಲು ಪಡೆಯುವಂತಿಲ್ಲ.

ಗಡಿಯ ವ್ಯವಹಾರಕ್ಕೆ ತನ್ನದೇ ತೊಡಕುಗಳು. ಮಹಾರಾಷ್ಟ್ರದವರು ‘ಸಾತ್‌ಬಾರಾ’ ಕೇಳುತ್ತಾರೆ, ನಮ್ಮದು ಪಹಣಿ. ಹೈದರಾಬಾದಿನ ಗ್ರಾಹಕರು ಚದರ ಗಜದಲ್ಲಿ ಲೆಕ್ಕ ಹಾಕುತ್ತಾರೆ, ನಮ್ಮಲ್ಲಿ ಗುಂಟೆ: ಒಂದು ಗುಂಟೆಗೆ 121 ಚದರ ಗಜ, ಅಂದರೆ 1,089 ಚದರ ಅಡಿ. ಮಾತು ಕನ್ನಡ, ಮರಾಠಿ, ದಖ್ಖನಿಗಳ ನಡುವೆ ಹರಿದಾಡುತ್ತದೆ. ಅದನ್ನು ತಡೆಯಬೇಕಾಗಿಲ್ಲ, ಕೋಣೆಗೊಬ್ಬ ಬರಹಗಾರ ಕನ್ನಡದಲ್ಲಿ ಬರೆದುಕೊಂಡರಾಯಿತು.

ಎಚ್ಚರಿಕೆಗಳು

ತಿಳಿವಳಿಕೆಯನ್ನು ಬಚ್ಚಿಡುವುದರಿಂದಲೇ ದಲ್ಲಾಳಿಯ ಸಂಪಾದನೆ ಎಂಬ ಭಾವನೆ ಈ ವೃತ್ತಿಯಲ್ಲಿ ಆಳವಾಗಿದೆ. ಯಾವ ಹೊಲ ಮಾರಾಟಕ್ಕಿದೆ, ಯಾರು ಕೊಳ್ಳಲು ಬಂದಿದ್ದಾರೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ, ಕೇಳಲೂಬಾರದು. ಹಂಚಿಕೊಳ್ಳಬೇಕಾದದ್ದು ಕ್ರಮ ಮತ್ತು ಕಾನೂನು. ಉದಾಹರಣೆಗೆ ತರುವ ದಾಖಲೆಗಳಲ್ಲಿ ಮಾಲೀಕರ ಹೆಸರು, ಸರ್ವೆ ನಂಬರು, ಆಧಾರ್ ಸಂಖ್ಯೆಗಳನ್ನು ಮುಚ್ಚಿರಬೇಕು.

ಕಮಿಷನ್ ದರವನ್ನು ಎಲ್ಲರೂ ಸೇರಿ ಒಂದೇ ಎಂದು ಗೊತ್ತುಪಡಿಸಲು ಇದು ತಾಣವಲ್ಲ. ಹಾಗೆ ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3ಕ್ಕೆ ವಿರುದ್ಧ. ಅಮೆರಿಕದ ರಾಷ್ಟ್ರೀಯ ರಿಯಲ್ಟರ್‌ಗಳ ಸಂಘವು ಕಮಿಷನ್ ಕುರಿತ ಮೊಕದ್ದಮೆಗಳ ಇತ್ಯರ್ಥಕ್ಕಾಗಿ 2024ರಲ್ಲಿ 41.8 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಸರ್ಕಾರಿ ಅಧಿಕಾರಿಗಳನ್ನು ಕರೆಯಬಹುದೇ? ಕರೆಯಬಹುದು, ಉದ್ಘಾಟನೆಗೆ ಅಲ್ಲ. ವರ್ತುಲದಲ್ಲಿ ಒಂದು ಕುರ್ಚಿಯಲ್ಲಿ ಕುಳಿತು ಉತ್ತರಿಸಲು ಒಪ್ಪುವುದಾದರೆ ಮಾತ್ರ. ನಿವೃತ್ತರು ಇದಕ್ಕೆ ಹೆಚ್ಚು ಒದಗುತ್ತಾರೆ. ನಿವೇಶನ ಕೊಂಡು ಕಷ್ಟಕ್ಕೆ ಸಿಲುಕಿದ ನಾಲ್ಕೈದು ಗ್ರಾಹಕರಿಗೂ, ಹೊಲ ಮಾರಿದ ರೈತರಿಗೂ ವಂತಿಗೆಯಿಲ್ಲದೆ ಬಾಗಿಲು ತೆರೆದಿರಬೇಕು. ಅವರಿಲ್ಲದ ಕೋಣೆಯಲ್ಲಿ ವೃತ್ತಿಯವರು ಒಬ್ಬರನ್ನೊಬ್ಬರು ಹೊಗಳಿಕೊಂಡು ಎದ್ದು ಹೋಗುವ ಸಂಭವವೇ ಹೆಚ್ಚು.

ಸಂಜೆ ಐದಕ್ಕೆ ಎಲ್ಲರೂ ಮತ್ತೆ ಒಂದೆಡೆ ಸೇರಿ, ಪ್ರತಿ ಕೋಣೆಯ ಬರಹಗಾರ ಎರಡು ನಿಮಿಷಗಳಲ್ಲಿ ಸಾರವನ್ನು ಓದುತ್ತಾನೆ. ಕಾನೂನಿಗೆ ಸಂಬಂಧಿಸಿದ ಮಾತುಗಳನ್ನು ವಕೀಲರೊಬ್ಬರು ಪರಿಶೀಲಿಸಿದ ನಂತರವೇ ಟಿಪ್ಪಣಿಗಳ ಪ್ರತಿಗಳನ್ನು ಹಂಚಬೇಕು. ವಾರದೊಳಗೆ ಆಗದಿದ್ದರೆ ಅವು ಆಗುವುದೇ ಇಲ್ಲ. ಜಮಾ-ಖರ್ಚಿನ ಲೆಕ್ಕವನ್ನು ಮಾತ್ರ ಅಂದೇ ಸಂಜೆ, ಬೆಳಿಗ್ಗೆ ಚೀಟಿಗಳನ್ನು ಅಂಟಿಸಿದ್ದ ಅದೇ ಗೋಡೆಯ ಮೇಲೆ ಹಚ್ಚಿ, ಉಳಿದ ಹಣವನ್ನು ಮುಂದಿನ ಸಲ ಹುಮನಾಬಾದ್‌ನಲ್ಲೋ ಬಸವಕಲ್ಯಾಣದಲ್ಲೋ ನಡೆಸಲು ಕೈಯೆತ್ತಿದವರಿಗೆ ಎಲ್ಲರೆದುರು ಒಪ್ಪಿಸಬೇಕು.